ಅಕ್ಕನ ಸೈಕಲ್ಲಿಗೊಂದು ಬಾಟಲಿ ಸ್ಟ್ಯಾಂಡು

ಪ್ಲಾಸ್ಟಿಕ್ ಕವರನ್ನು ಹಲ್ಲಿನಿಂದ ಕಚ್ಚಿ ಹರಿದಾಗ ಒಳಗಿನಿಂದ ಉದುರಿದ್ದು ಒಂದು ಕಪ್ಪು ಸ್ಟ್ಯಾಂಡು, ಎರಡು ಸ್ಕ್ರೂ, ಬೆಂಕಿಪೊಟ್ಟಣದಷ್ಟಗಲದ ಒಂದು ಚೀಟಿ. ಸೈಕಲ್ಲಿನ ಮೈಗೆ ನೀರಿನ ಬಾಟಲಿ ಸಿಕ್ಕಿಸಿಕೊಳ್ಳುವ ಸ್ಟ್ಯಾಂಡು ಅದು. ಬೆಳಗಿನ ಹೊತ್ತು ಹೆಲ್ಮೆಟ್ ಹಾಕಿಕೊಂಡು ಮೈ ಕರಗಿಸಲು ಸೈಕಲ್ ತುಳಿಯುವವರ ಹತ್ತಿರ ನೀವೂ ನೋಡಿರುತ್ತೀರಿ. ಚೀಟಿಯಲ್ಲಿ ಚಿತ್ರವಿತ್ತು. ನಿಮ್ಮ ಸೈಕಲ್ಲಿನ ಪೈಪಿನಲ್ಲಿರುವ ಎರಡು ತೂತುಗಳಿಗೆ ಈ ಎರಡು ಸ್ಕ್ರೂ ಹಾಕಿ ಬಿಗಿ ಮಾಡಿರಿ ಎಂಬುದು ಅದರ ತಾತ್ಪರ್ಯ. ನಾನು ಅಕ್ಕನ ಸೈಕಲ್ಲಿಗೆ ಎರಡು ಸುತ್ತು ಬಂದೆ. ಕುಕ್ಕರಗಾಲಲ್ಲಿ ಕೂತು ಕೆಳಗಿನಿಂದ ನೋಡಿದೆ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಯಾವ ತೂತು? ಎಲ್ಲಿಯ ತೂತು? ಈ ಸ್ಟ್ಯಾಂಡು ಮಾಡಿದ ಮಹಾನುಭಾವನ ಪ್ರಕಾರ ಲೋಕದ ಸೈಕಲ್ಲುಗಳೆಲ್ಲ ಹುಟ್ಟುವಾಗಲೇ ಎರಡು ತೂತು ಕೊರೆಸಿಕೊಂಡು ಬರುತ್ತವೆ. ಮೂವತ್ತು ವರ್ಷ ಹಳೆಯ ಲೇಡೀಸ್ ಸೈಕಲ್ ತುಳಿಯುವ ಹೆಂಗಸಿಗೆ ಬಾಯಾರಿಕೆ ಆಗುತ್ತದೆ ಎಂಬ ಯೋಚನೆಯೇ ಅವನ ತಲೆಗೆ ಬಂದಿಲ್ಲ. ಚೀಟಿಯನ್ನು ಮುದ್ದೆ ಮಾಡಿ ಎಸೆದೆ.

ನನ್ನ ಸಿಟ್ಟಿನ ವಿಷಯ ಮೊದಲೇ ಹೇಳಿಬಿಡುವುದು ವಾಸಿ, ಇಲ್ಲದಿದ್ದರೆ ಮುಂದೆ ನಿಮಗೆ ಗಾಬರಿಯಾದೀತು. ನಾನು ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಏಜೆಂಟು. "ಮೊಳಕಾಲ್ಮೂರು, ರಾಂಪುರ, ಬಳ್ಳಾರಿ" ಎಂದು ಬೆಳಿಗ್ಗೆಯಿಂದ ಸಂಜೆಯವರೆಗೆ ಕೂಗುವುದು ನನ್ನ ವೃತ್ತಿ. ಬಿ.ಎ. ಓದಿದ್ದೇನೆ. ಓದಿದ್ದು ಅಕ್ಕನ ದುಡಿಮೆಯಲ್ಲಿ, ಅನ್ನ ತಿಂದದ್ದು ಗಂಟಲಿನ ದುಡಿಮೆಯಲ್ಲಿ. ಕೂಗುವುದು ಅಭ್ಯಾಸವಾದವನಿಗೆ ಮನೆಯಲ್ಲೂ ದನಿ ಇಳಿಯುವುದಿಲ್ಲ. ಸಾರಿಗೆ ಉಪ್ಪು ಕಡಿಮೆ ಎಂದು ನಾನು ಹೇಳಿದರೆ ಪಕ್ಕದ ಮನೆಯವರು ತಮ್ಮ ಸಾರನ್ನು ರುಚಿ ನೋಡಿಕೊಳ್ಳುತ್ತಾರೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಇಷ್ಟೆಲ್ಲ ಗಂಟಲಿರುವ ನಾನು ಬಾಯಿ ಬಿಡಲೇಬೇಕಾಗಿದ್ದ ಒಂದು ದಿನ ಬಾಯಿ ಬಿಡಲಿಲ್ಲ. ಅದನ್ನೇ ಹೇಳಲು ಹೊರಟಿದ್ದೇನೆ.

ಅಕ್ಕ ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಊರಿನವರ ಬಾಯಲ್ಲಿ ಓಬಕ್ಕ. ಮೊಳಕಾಲ್ಮೂರಿಗೆ ಹತ್ತಿರದ ನಮ್ಮ ಹಳ್ಳಿಯಲ್ಲಿ, ಊರಿನಿಂದ ಸ್ವಲ್ಪ ಆಚೆಗಿರುವ ನಮ್ಮ ಕೇರಿಯಲ್ಲಿ ಈಗಲೂ ಇದ್ದಾಳೆ. ಅವಳು ಹರೆಯದಿಂದ ಮಾಡಿದ್ದು ಕೆಚ್ಚುವ ಕೆಲಸ. ಮೊಳಕಾಲ್ಮೂರಿನ ರೇಷ್ಮೆ ಸೀರೆಯನ್ನು ಉಟ್ಟವರಿಗೂ ಈ ಕೆಲಸ ಗೊತ್ತಿರುವುದಿಲ್ಲ. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲಿಗೆ ಹಾಸು ಎನ್ನುತ್ತಾರೆ. ಹಳೆಯ ಹಾಸು ಮುಗಿಯುತ್ತ ಬಂದಾಗ ಹೊಸದನ್ನು ತಂದು, ಅದರ ಒಂದೊಂದು ಎಳೆಯನ್ನೂ ಹಳೆಯದರ ಒಂದೊಂದು ಎಳೆಯ ತುದಿಗೆ ಸೇರಿಸಬೇಕು. ಗಂಟು ಹಾಕುವಂತಿಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ಎರಡು ತುದಿ ಹಿಡಿದು ಒಂದೇ ಸಲಕ್ಕೆ ಹೊಸೆಯಬೇಕು. ಹೀಗೆ ಸಾವಿರಾರು ಎಳೆ. ಬೆರಳು ಜಾರದಿರಲಿ ಎಂದು ಪಕ್ಕದಲ್ಲಿ ಒಂದು ತೆಂಗಿನ ಚಿಪ್ಪಿನಲ್ಲಿ ಬೂದಿ ಇರುತ್ತದೆ. ಕೈಗೆ ಬೆವರಿನ ಪಸೆಯೂ ತಾಗಬಾರದು, ರೇಷ್ಮೆಗೆ ಕಲೆ ಹತ್ತಿಬಿಡುತ್ತದೆ. ಅಕ್ಕ ಹೊಸೆದ ಎಳೆ ಮಗ್ಗದಲ್ಲಿ ಕಡಿದದ್ದನ್ನು ಯಾರೂ ಕಂಡಿಲ್ಲ. ಇದನ್ನು ತಮ್ಮನ ಅಭಿಮಾನ ಎಂದುಕೊಳ್ಳಬೇಡಿ. ಮಗ್ಗದವರೇ ಹೇಳುತ್ತಿದ್ದ ಮಾತು.

ಕಣ್ಣು ಮಂಜಾಯಿತೆಂದು ಕೆಲವು ವರ್ಷದಿಂದ ಅವಳು ಕೆಲಸ ಬಿಟ್ಟಿದ್ದಳು. ಪೊರೆ ತೆಗೆಸಿದ ಮೇಲೆ ಮತ್ತೆ ಸೂಜಿಗೆ ದಾರ ಪೋಣಿಸುವಷ್ಟಾಗಿದ್ದಾಳೆ. ಆ ಸುದ್ದಿ ಹೇಗೋ ಮೊಳಕಾಲ್ಮೂರಿಗೆ ಹೋಯಿತು. ಅಲ್ಲಿಯ ಒಂದು ಮಗ್ಗದ ಮನೆಯಿಂದ, ಯಾವ ಮನೆಯ ಹೆಸರೆತ್ತಿದರೆ ನನಗೆ ಮೈ ಉರಿಯುತ್ತದೋ ಅದೇ ಮನೆಯಿಂದ, ಅವಳಿಗೆ ಫೋನು ಬಂತು. ಆ ಮನೆಯ ಮಗ ಶೇಖರ ತನ್ನ ಮಗಳ ಮದುವೆ ಸೀರೆಯನ್ನು ತಮ್ಮ ಮಗ್ಗದಲ್ಲೇ ನೇಯಿಸಬೇಕೆಂದು ಹೊರಟಿದ್ದಾನೆ. ಬಹಳ ಸಣ್ಣ ಎಳೆಯ ಹಾಸು. ಯಾರು ಕೆಚ್ಚಿದರೂ ಕಡಿದು ಕಡಿದು ಬೀಳುತ್ತಿದೆ. ಓಬಕ್ಕನ ಕೈಯೇ ಬೇಕು ಎಂದನಂತೆ. ಅಕ್ಕ ಆಗಲಿ ಎಂದಳಂತೆ.

"ಆ ಮನೆಗೆ ಯಾಕೆ ಹೋಗ್ತೀಯಾ? ನಿನಗೇನಾದ್ರೂ ತಲೆ ಕೆಟ್ಟೈತಾ?" ಎಂದು ನಾನು ಫೋನಿನಲ್ಲಿ ಕೂಗಿದ್ದಕ್ಕೆ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರು ಪ್ರಯಾಣಿಕರು ಹತ್ತಿದ ಬಸ್ಸಿನಿಂದ ಇಳಿದರು.

"ಕೂಗ್ಬ್ಯಾಡ ಲೇ, ಕಿವಿ ಇನ್ನೂ ಚೆನ್ನಾಗೈತೆ. ನನ್ನ ಸೈಕಲ್ಲಿಗೆ ಬಾಟ್ಲಿ ಇಡೋ ಸ್ಟ್ಯಾಂಡು ಅಂತ ಬರ್ತೈತಂತಲ್ಲ, ಅದನ್ನ ತಂದು ಹಾಕ್ಸಿಕೊಡು. ಮೊದ್ಲಿನಂಗೆ ಟ್ಯೂಬಿನಾಗೆ ಬಿಗಿದು ಕಟ್ಟಾಕೆ ಮಣಿಕಟ್ಟಿನಾಗೆ ಶಕ್ತಿ ಇಲ್ಲ" ಎಂದಳು ಅಕ್ಕ. ಕೂದಲಿಗಿಂತ ಸಣ್ಣ ಎಳೆ ಹೊಸೆಯುವ ಕೈಗೆ ರಬ್ಬರು ಎಳೆದು ಕಟ್ಟಲು ಆಗುವುದಿಲ್ಲವಂತೆ. ನಾನು ಹಲ್ಲು ಕಡಿಯುತ್ತ ಸ್ಟ್ಯಾಂಡು ಕೊಂಡು, ಭಾನುವಾರ ಬಸ್ಸು ಹತ್ತಿ ಊರಿಗೆ ಬಂದೆ. ಬಂದು ನೋಡಿದರೆ ತೂತಿಲ್ಲ.

ಸೈಕಲ್ಲನ್ನು ತಳ್ಳಿಕೊಂಡು ಮೊಳಕಾಲ್ಮೂರಿನ ಖಾದರ್ ಸಾಬರ ಅಂಗಡಿಗೆ ಹೋದೆ. ಖಾದರ್ ಸಾಬರು ಸೈಕಲ್ ರಿಪೇರಿಯಲ್ಲೇ ಗಡ್ಡ ಬೆಳ್ಳಗೆ ಮಾಡಿಕೊಂಡವರು. ಸ್ಟ್ಯಾಂಡನ್ನು ಒಂದು ಕೈಯಲ್ಲಿ, ಸೈಕಲ್ಲನ್ನು ಇನ್ನೊಂದು ಕೈಯಲ್ಲಿ ಹಿಡಿದು ನೋಡಿದರು. "ಏನಿಲ್ಲ ಬಿಡ್ರಿ, ದೋ ಮಿನಿಟ್. ಇಲ್ಲೆರಡು ತೂತು ಹೊಡೆದ್ರೆ ಆಯ್ತು" ಎಂದು ಡ್ರಿಲ್ಲಿಂಗ್ ಮಷೀನಿನ ವೈರು ಬಿಚ್ಚಿದರು. ಅದರ ಮೂತಿ ಪೈಪಿನ ಹತ್ತಿರಕ್ಕೆ ಬರುತ್ತಿದ್ದಂತೆ ನನಗೇನಾಯಿತೋ, "ಕೈ ತೆಗೀರಿ!" ಎಂದು ಅರಚಿದೆ. ಎದುರಿನ ಹೋಟೆಲಿನಲ್ಲಿ ಮಂಡಕ್ಕಿ ತಿನ್ನುತ್ತಿದ್ದವರು ತಿರುಗಿ ನೋಡಿದರು.

"ಹಳೇ ಪೈಪು, ತುಕ್ಕು ತಿಂದು ಎಷ್ಟು ತೆಳ್ಳಗಾಗಿದ್ಯೋ ಏನೋ. ತೂತು ಹೊಡೆದ ಜಾಗದಾಗೆ ಮುರಿದ್ರೆ?" ಎಂದು ಸಮಜಾಯಿಷಿ ಕೊಟ್ಟೆ. ಹೇಳಿದ್ದು ನಿಜವೇ. ಆದರೆ ಅರಚಿದ್ದು ಅದಕ್ಕಲ್ಲ.

ಖಾದರ್ ಸಾಬರು ಬೇಸರ ಮಾಡಿಕೊಳ್ಳಲಿಲ್ಲ. ಮಷೀನು ಕೆಳಗಿಟ್ಟು ಪೈಪಿನ ಮೇಲೆ ಹೆಬ್ಬೆರಳು ಆಡಿಸಿದರು. ಲೇಡೀಸ್ ಸೈಕಲ್ಲಿನಲ್ಲಿ ಹ್ಯಾಂಡಲ್ಲಿನ ಕೆಳಗಿನಿಂದ ಎರಡು ಪೈಪು ಜೊತೆಜೊತೆಯಾಗಿ ಇಳಿದು ಬರುತ್ತವಲ್ಲ, ಅವುಗಳಲ್ಲಿ ಕೆಳಗಿನದರ ಮೇಲೆ ಮೂರು ಕಡೆ ಬಳೆಯಂತೆ ಬಣ್ಣ ಸವೆದುಹೋಗಿತ್ತು. "ಇಲ್ಲಿ ಮೊದ್ಲೇ ಏನೋ ಕಟ್ಟಿದಾರೆ. ಒಂದೆರಡು ವರ್ಷ ಅಲ್ಲ, ಬಹಳ ವರ್ಷ" ಎಂದರು.

ಹೌದು ಸಾಬರೇ, ಬಹಳ ವರ್ಷ.

ಆ ಸೈಕಲ್ಲು ಮೊದಲು ಆಸ್ಪತ್ರೆಯ ನರ್ಸಮ್ಮನದು. ಬೇರೆ ಊರಿಗೆ ವರ್ಗವಾದಾಗ ಅಕ್ಕನಿಗೆ ಬಿಟ್ಟುಕೊಟ್ಟು ಹೋದರು. ಸೈಕಲ್ಲಿನ ಜೊತೆಗೆ ಗಾಜಿನ ಒಂದು ಖಾಲಿ ಗ್ಲೂಕೋಸ್ ಬಾಟ್ಲಿಯನ್ನೂ ಕೊಟ್ಟರು. ಆಗ ಗ್ಲೂಕೋಸು ಗಾಜಿನ ಬಾಟ್ಲಿಯಲ್ಲಿ ಬರುತ್ತಿತ್ತು, ರಬ್ಬರಿನ ಬಿರಡೆ, ಮೈಮೇಲೆ ಅಳತೆಯ ಗೆರೆಗಳು. ಅಕ್ಕ ಅದನ್ನು ಕುದಿವ ನೀರಿನಲ್ಲಿ ತೊಳೆದು, ಒದ್ದೆ ಬಟ್ಟೆ ಸುತ್ತಿ, ಎರಡು ಪೈಪುಗಳ ನಡುವೆ ಮಲಗಿಸಿ, ಪಂಕ್ಚರಾದ ಟ್ಯೂಬಿನ ಮೂರು ಪಟ್ಟಿಯಲ್ಲಿ ಬಿಗಿದು ಕಟ್ಟಿಕೊಂಡಳು. ಮೊಳಕಾಲ್ಮೂರಿನ ಬೀದಿಯಲ್ಲಿ ಹೆಂಗಸು ಸೈಕಲ್ ತುಳಿಯುವುದೇ ಒಂದು ನೋಟ. ಅದರ ಮೇಲೆ ಗ್ಲೂಕೋಸು ಬೇರೆ. ನೋಡಿದವರು "ಯಾರಿಗಮ್ಮ ಡ್ರಿಪ್ಪು, ಸೈಕಲ್ಲಿಗಾ?" ಎಂದು ನಗುತ್ತಿದ್ದರು.

ಎಲ್ಲರಿಗಿಂತ ಹೆಚ್ಚು ನಕ್ಕವನು ನಾನು. ಆಗ ಪಿಯುಸಿ ಓದುತ್ತಿದ್ದೆ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೋದ ಮನೆಯಲ್ಲಿ ನೀರಿಲ್ಲವೇ, ಇದೇನು ಈ ಹೆಂಗಸಿನ ಬಿಂಕ ಎಂದುಕೊಳ್ಳುತ್ತಿದ್ದೆ. ಒಂದು ಸಲ ಕೇಳಿಯೂ ಕೇಳಿದೆ.

"ಕೈ ಒದ್ದೆ ಆದ್ರೆ ಕೆಲ್ಸ ಕೆಡ್ತೈತೆ ಕಣೋ. ಬಾಟ್ಲಿ ಆದ್ರೆ ಸೀದಾ ಬಾಯಿಗೆ ಬಿಟ್ಕಬಹುದು" ಎಂದಳು.

ಲೋಟದಲ್ಲಿ ಕುಡಿದರೆ ಕೈ ಹೇಗೆ ಒದ್ದೆಯಾಗುತ್ತದೆ ಎಂದು ಮರುಪ್ರಶ್ನೆ ಹಾಕುವ ಬುದ್ಧಿ ಪಿಯುಸಿಯಲ್ಲಿ ತರ್ಕಶಾಸ್ತ್ರ ತೆಗೆದುಕೊಂಡಿದ್ದ ನನಗೆ ಹೊಳೆಯಲಿಲ್ಲ. ಲೋಟ ಕೊಡುವ ಮನೆಗಳೂ ಇದ್ದವು, ಇಲ್ಲವೆಂದರೆ ಸುಳ್ಳಾಗುತ್ತದೆ. ಕೆಳಗಿನ ಬೀದಿಯಲ್ಲಿ ಒಬ್ಬ ಮುದುಕ ನೇಕಾರರಿದ್ದರು. ಮನೆಯಲ್ಲಿ ತೆಲುಗು, ಅಕ್ಕನ ಜೊತೆ ಅರ್ಧ ತೆಲುಗು ಅರ್ಧ ಕನ್ನಡ. ಊಟದ ಹೊತ್ತಾದರೆ ಅವಳನ್ನು ತಮ್ಮ ಪಂಕ್ತಿಯಲ್ಲೇ ಕೂರಿಸಿ, "ತಿನು ತಲ್ಲಿ, ತಿನ್ನು ತಾಯಿ, ಬೆರಳಿಗೆ ಬಲ ಬರ್ಲಿ" ಎನ್ನುತ್ತಿದ್ದರಂತೆ. ಅಕ್ಕ ಅವರ ಮನೆಗೆ ಹೋಗುವ ದಿನ ಬಾಟ್ಲಿ ಒಯ್ಯುತ್ತಿರಲಿಲ್ಲ. ಅದನ್ನಾದರೂ ನಾನು ಗಮನಿಸಬಹುದಿತ್ತು.

ಒಂದು ಬೇಸಿಗೆ. ನಮ್ಮ ಕಡೆಯ ಬೇಸಿಗೆ ನಿಮಗೆ ಗೊತ್ತಿದ್ದರೆ ಹೇಳುವುದು ಬೇಡ, ಗೊತ್ತಿಲ್ಲದಿದ್ದರೆ ಹೇಳಿ ಪ್ರಯೋಜನವಿಲ್ಲ. ಕಾಲೇಜಿನ ಮೈದಾನದಲ್ಲಿ ಕ್ರಿಕೆಟ್ ಪಂದ್ಯವಿತ್ತು. ಗೆಳೆಯರ ಮುಂದೆ ಠೀವಿಯಿಂದ ನೀರು ಕುಡಿಯಬೇಕೆಂದು ನಾನು ಬೆಳಿಗ್ಗೆಯೇ ಸೈಕಲ್ಲಿನಿಂದ ಬಾಟ್ಲಿಯನ್ನು ಬಿಚ್ಚಿಕೊಂಡು ಹೋಗಿಬಿಟ್ಟೆ. ಅಕ್ಕ ಹುಡುಕಿ, ಹೊತ್ತಾಯಿತೆಂದು ಹಾಗೇ ಕೆಲಸಕ್ಕೆ ಹೋದಳು. ನಾನು ಸೊನ್ನೆಗೆ ಔಟಾದೆ. ಇನ್ನೊಂದು ಸಲ ಬ್ಯಾಟು ಸಿಗುವುದಿಲ್ಲವೆಂದು ಖಾತ್ರಿಯಾದ ಮೇಲೆ ಅಕ್ಕನ ನೆನಪಾಯಿತು. ಬಾಟ್ಲಿಗೆ ನೀರು ತುಂಬಿಕೊಂಡು ಅವಳು ಕೆಲಸಕ್ಕೆ ಹೋಗಿದ್ದ ಶೇಖರನ ಮನೆಯ ಕಡೆ ನಡೆದೆ.

ಆ ಮನೆಯ ಎದುರಿಗೆ ಒಂದು ಬೇವಿನ ಮರವಿತ್ತು. ಅದರ ಹತ್ತಿರ ಬಂದಾಗ ಅಕ್ಕ ಕಂಡಳು. ಜಗುಲಿಯ ಕೆಳಗೆ, ಬಿಸಿಲಿನಲ್ಲಿ, ಬಗ್ಗಿ ನಿಂತಿದ್ದಳು. ಜಗುಲಿಯ ಮೇಲೆ ಶೇಖರನ ತಾಯಿ, ಕೈಯಲ್ಲಿ ಚೊಂಬು. "ದೋಸಿಲಿ ಪಟ್ಟು" ಎಂದಳು. ಬೊಗಸೆ ಹಿಡಿ ಎಂದು. ಅಕ್ಕ ಬೊಗಸೆ ಹಿಡಿದಳು. ಬೆಳಗಿನಿಂದ ಬೂದಿ ಹಚ್ಚಿ ಹಚ್ಚಿ ಬೂದಿಯ ಬಣ್ಣವೇ ಆಗಿದ್ದ ಕೈಗಳು. ಚೊಂಬು ತಾಗದಿರಲಿ ಎಂದು ಆಯಮ್ಮ ಒಂದು ಮೊಳ ಮೇಲಿನಿಂದ ನೀರು ಸುರಿದಳು. ಬೊಗಸೆಯಲ್ಲಿ ನಿಂತದ್ದು ಬೂದಿ ಕದಡಿದ ನೀರು. ಅಕ್ಕ ಅದನ್ನೇ ಕುಡಿದಳು. ಮೊಣಕೈಯಿಂದ ಸೋರಿ ಸೀರೆಯ ಮುಂಭಾಗವೆಲ್ಲ ನೆನೆಯಿತು. ಕುಡಿದು ತಲೆಯೆತ್ತುವಷ್ಟರಲ್ಲಿ ಆಯಮ್ಮ ಹೇಳಿದ ಮಾತು ನನಗೆ ಈಗಲೂ ಕಿವಿಯಲ್ಲಿದೆ: "ಕೈ ಪೂರ್ತಿ ಒಣಗೋವರ್ಗೂ ಬಿಸ್ಲಲ್ಲೇ ನಿಂತ್ಕ. ಒದ್ದೆ ಕೈಯಾಗೆ ರೇಷ್ಮೆ ಮುಟ್ಟೀಯ ಮತ್ತೆ."

ಅಕ್ಕ ಎರಡೂ ಕೈ ಮುಂದೆ ಚಾಚಿಕೊಂಡು ಬಿಸಿಲಿನಲ್ಲಿ ನಿಂತಳು.

ನೀವೇ ಯೋಚನೆ ಮಾಡಿ. ಒಳಗೆ ಮಗ್ಗದ ಮೇಲಿದ್ದ ಸೀರೆಯ ಒಂದು ಎಳೆಯನ್ನೂ ಬಿಡದೆ ಆ ಬೆರಳುಗಳು ಮುಟ್ಟಿವೆ. ಆ ಸೀರೆ ಉಟ್ಟು ಯಾರೋ ಹಸೆಮಣೆಯ ಮೇಲೆ ಕೂರುತ್ತಾರೆ, ಇನ್ಯಾರೋ ದೇವರಿಗೆ ಉಡಿಸುತ್ತಾರೆ. ಅದಕ್ಕೆಲ್ಲ ಆಗುವ ಕೈ ಒಂದು ಹಿತ್ತಾಳೆ ಲೋಟಕ್ಕೆ ಆಗುವುದಿಲ್ಲ.

ಆ ದಿನ ನಾನು ಮಾಡಿದ್ದೇನು? ಬೇವಿನ ಮರದ ಹಿಂದಕ್ಕೆ ಸರಿದೆ. ಕೈಯಲ್ಲಿ ತುಂಬಿದ ಬಾಟ್ಲಿ ಹಿಡಿದುಕೊಂಡು ನಿಂತೆ. ಗೆಳೆಯರು ಯಾರಾದರೂ ನೋಡಿದರೆ ಎಂಬ ನಾಚಿಕೆ ಇತ್ತು ನೋಡಿ, ಅದಕ್ಕೆ. ಅಕ್ಕನ ಕೈ ಒಣಗುವ ಮೊದಲೇ ಬಂದ ದಾರಿಯಲ್ಲಿ ವಾಪಸು ಹೋದೆ. ಸಂಜೆ ಅಕ್ಕ ಬಂದು "ಬಾಟ್ಲಿ ಎಲ್ಲೈತೆ?" ಎಂದಳು, ಕೊಟ್ಟೆ. "ಮ್ಯಾಚು ಗೆದ್ರಾ?" ಎಂದಳು, ಹೂಂ ಎಂದೆ. ಸೋತಿದ್ದೆವು. ಅಂದಿನಿಂದ ಲೋಕದ ಮೇಲೆಲ್ಲ ಕೂಗಾಡಿದ್ದೇನೆ, ಡ್ರೈವರುಗಳ ಮೇಲೆ, ಕಂಡಕ್ಟರುಗಳ ಮೇಲೆ, ಹೆಂಡತಿಯ ಮೇಲೆ, ಸಾರಿನ ಮೇಲೆ. ಆ ಜಗುಲಿಯ ಮುಂದೆ ಕೂಗಬೇಕಾಗಿದ್ದ ಒಂದು ಕೂಗನ್ನು ಎಲ್ಲೆಲ್ಲೋ ಚೆಲ್ಲಿಕೊಂಡು ಬಂದೆ ಎಂದು ಈಗ ಅನ್ನಿಸುತ್ತದೆ.

ಇದನ್ನೆಲ್ಲ ಖಾದರ್ ಸಾಬರಿಗೆ ಹೇಳಲಿಲ್ಲ. ಅವರು ತಮ್ಮ ಪಾಡಿಗೆ ಡಬ್ಬ ಜಾಲಾಡಿ ಎರಡು ಕ್ಲಿಪ್ಪು ತೆಗೆದರು. ಬೋರಿನ ಪೈಪಿಗೆ ಹಾಕಿ ಸ್ಕ್ರೂ ತಿರುಗಿಸಿ ಬಿಗಿ ಮಾಡುತ್ತಾರಲ್ಲ, ಆ ಉಕ್ಕಿನ ಪಟ್ಟಿಯ ಕ್ಲಿಪ್ಪು. ಪೈಪಿಗೆ ಮೊದಲು ಟ್ಯೂಬಿನ ತುಂಡು ಸುತ್ತಿ, ಅದರ ಮೇಲೆ ಸ್ಟ್ಯಾಂಡನ್ನಿಟ್ಟು, ಮೇಲೊಂದು ಕೆಳಗೊಂದು ಕ್ಲಿಪ್ಪು ಹಾಕಿ ಬಿಗಿದರು. ರಬ್ಬರು ಇದ್ದರೆ ಜಾರುವುದಿಲ್ಲ, ಬಣ್ಣವೂ ಕೆರೆಯುವುದಿಲ್ಲ. ನಾನೂ ಸುಮ್ಮನಿರಲಾರದೆ ಸ್ಕ್ರೂಡ್ರೈವರು ಇಸಿದುಕೊಂಡು ಇನ್ನೆರಡು ಸುತ್ತು ತಿರುಗಿಸಿದೆ. ಸೈಕಲ್ಲು ತಳ್ಳಿದರೆ ಜಪ್ಪಯ್ಯ ಎಂದರೂ ಮುಂದಕ್ಕೆ ಹೋಗದು. ಹಳೆಯ ಸೈಕಲ್ಲಿನಲ್ಲಿ ಹಿಂದಿನ ಬ್ರೇಕಿಗೆ ವೈರಲ್ಲ, ಕಂಬಿ. ಅದು ಆ ಪೈಪಿನ ಪಕ್ಕದಲ್ಲೇ ಇಳಿದು ಹೋಗುತ್ತದೆ. ಪೈಪಿನ ಜೊತೆಗೆ ಕಂಬಿಯನ್ನೂ ಸೇರಿಸಿ ಕಟ್ಟಿಹಾಕಿದ್ದೆವು.

"ನಿಮ್ಮ ಸಿಟ್ಟಿನಾಗೆ ನಾನೂ ನೋಡ್ಲಿಲ್ಲ ನೋಡ್ರಿ" ಎಂದು ನಕ್ಕು ಖಾದರ್ ಸಾಬರು ಎಲ್ಲ ಬಿಚ್ಚಿ, ಕಂಬಿಯನ್ನು ಹೊರಗೆ ಬಿಟ್ಟು, ಮತ್ತೆ ಕಟ್ಟಿದರು. ಸ್ಟೀಲಿನ ಬಾಟಲಿಯನ್ನು ಹಾಕಿ ತೆಗೆದು ನೋಡಿದೆ. ಎರಡು ಪೈಪುಗಳ ನಡುವಿನಿಂದ ನಯವಾಗಿ ಜಾರಿ ಬಂತು.

ಮಾರನೆಯ ದಿನ ಅಕ್ಕ ಸೈಕಲ್ಲಿನಲ್ಲಿ, ನಾನು ನಮ್ಮೂರವನೊಬ್ಬನ ಬೈಕಿನ ಹಿಂದೆ ಕೂತು ಮೊಳಕಾಲ್ಮೂರಿಗೆ ಹೋದೆವು. ನೀನ್ಯಾಕೆ ಎಂದಳು ಅಕ್ಕ. ರಜಾ ಹಾಕಿದ್ದೇನೆ ಎಂದೆ. ಶೇಖರನ ಮನೆ ಗುರುತು ಸಿಗದಷ್ಟು ಬದಲಾಗಿತ್ತು. ಜಗುಲಿ ಹೋಗಿ ಟೈಲ್ಸ್ ಬಂದಿತ್ತು, ಬೇವಿನ ಮರದ ಜಾಗದಲ್ಲಿ ಕಾರು ನಿಂತಿತ್ತು. ಶೇಖರನ ತಾಯಿ ಗೋಡೆಯ ಮೇಲೆ ಫೋಟೋದಲ್ಲಿದ್ದಳು. "ಬಾ ಓಬಕ್ಕ, ಬರ್ರಿ ಅಣ್ಣ, ಒಳಗೆ ಬರ್ರಿ" ಎಂದು ಶೇಖರ ಬಾಯಿ ತುಂಬ ಕರೆದ. ಮೊದಲೆಲ್ಲ ಅಕ್ಕ ಹಿತ್ತಲಿನ ಬಾಗಿಲಿನಿಂದ ಮಗ್ಗದ ಕೋಣೆಗೆ ಹೋಗುತ್ತಿದ್ದಳು. ಈಗ ಮುಂಬಾಗಿಲು. ಪರವಾಗಿಲ್ಲ, ಕಾಲ ಬದಲಾಗಿದೆ, ನಾನೇ ಸುಮ್ಮನೆ ಎಗರಾಡಿದೆ ಎಂದು ನನ್ನನ್ನೇ ಬೈದುಕೊಂಡೆ.

ಅಕ್ಕ ಮಗ್ಗದ ಹಿಂದೆ ಕೂತು ಬೂದಿ ಮುಟ್ಟಿದಳು. ಅವಳ ಬೆರಳು ಓಡುವುದನ್ನು ನಾನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಹಿಡಿ, ಹೊಸೆ, ಬಿಡು. ಹಿಡಿ, ಹೊಸೆ, ಬಿಡು. ಪಕ್ಕದ ಮಗ್ಗದಲ್ಲಿ ರಾಂಪುರದ ಕಡೆಯಿಂದ ಕೂಲಿಗೆ ಬಂದ ಒಬ್ಬ ನೇಕಾರ ನೇಯುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಅರ್ಧ ಹಾಸು ಮುಗಿದಿತ್ತು. ಶೇಖರನ ಹೆಂಡತಿ ತಟ್ಟೆಯಲ್ಲಿ ನೀರು ತಂದಳು. ಸ್ಟೀಲಿನ ಎರಡು ಲೋಟ, ಕಾಗದದ ಎರಡು ಲೋಟ. ಸ್ಟೀಲಿನದು ಶೇಖರನಿಗೆ ಮತ್ತು ಆ ನೇಕಾರನಿಗೆ. ಕಾಗದದ್ದು ನನಗೆ ಮತ್ತು ಅಕ್ಕನಿಗೆ.

ಎಷ್ಟು ನಾಜೂಕು ನೋಡಿ! ಮೇಲಿನಿಂದ ಸುರಿಯುವ ಶ್ರಮವಿಲ್ಲ, ತೊಳೆಯುವ ತಾಪತ್ರಯವಿಲ್ಲ, ಕುಡಿದವರೇ ಮುದುಡಿ ಬುಟ್ಟಿಗೆ ಹಾಕಿ ಹೋಗುತ್ತಾರೆ.

"ಇದೇನು ಶೇಖರಪ್ಪ?" ಎಂದೆ.

"ಅಯ್ಯೋ ತಪ್ಪು ತಿಳ್ಕಬ್ಯಾಡ್ರಿ ಅಣ್ಣ. ಕೊರೋನಾ ಬಂದು ಹೋದಾಗ್ಲಿಂದ ಹೊರಗಿನವ್ರಿಗೆಲ್ಲ ಹಿಂಗೇ. ಕ್ಲೀನಾಗಿರ್ತೈತೆ ಅಂತ."

"ಈಯಪ್ಪ ಎಲ್ಲಿಯವ್ರು? ನಿಮ್ಮ ಮನೆಯವ್ರಾ?" ಎಂದು ನೇಕಾರನ ಕಡೆ ಕೈ ತೋರಿಸಿದೆ. ಆ ಮನುಷ್ಯ ತನ್ನ ಲೋಟದೊಳಗೆ ನೋಡಿಕೊಂಡು ಕೂತ. ಆಮೇಲೆ ನನಗೆ ತಡೆಯಲಾಗಲಿಲ್ಲ. ಬಸ್‌ಸ್ಟ್ಯಾಂಡಿನ ಗಂಟಲು ಪೂರ್ತಿ ತೆರೆಯಿತು. "ನಿನ್ನ ಮಗಳು ಉಡೋ ಸೀರೇನ ಎಳೆ ಎಳೆ ಬಿಡದಂಗೆ ನಮ್ಮಕ್ಕ ಮುಟ್ಟವ್ಳೆ. ಅದನ್ನ ಹೆಂಗೆ ಉಡಿಸ್ತೀಯಾ? ಕಾಗದದ ಸೀರೆ ತಂದು ಉಡ್ಸು!" ಬೀದಿಯವರು ಬಾಗಿಲಿಗೆ ಬಂದರು.

"ಲೇ, ಕೂಗ್ಬ್ಯಾಡ. ಎಳೆ ಅಳ್ಳಾಡ್ತಾವೆ" ಎಂದಳು ಅಕ್ಕ.

ಕೈಯಲ್ಲಿದ್ದ ಎಳೆಯನ್ನು ಹೊಸೆದು ಮುಗಿಸಿದಳು. ಸೆರಗಿನಲ್ಲಿ ಬೆರಳು ಒರೆಸಿಕೊಂಡು, ಮೊಣಕಾಲು ಹಿಡಿದು ಎದ್ದು ನಿಂತಳು. "ಶೇಖರಪ್ಪ, ಅರ್ಧ ಆಗೈತೆ. ನಾನು ಬರ್ತೀನಿ" ಎಂದಳು. ಕೆಚ್ಚುವವರು ಹಾಸನ್ನು ಅರ್ಧಕ್ಕೆ ಬಿಟ್ಟು ಏಳುವುದಿಲ್ಲ. ಒಬ್ಬರ ಹೊಸೆತದ ಪಕ್ಕ ಇನ್ನೊಬ್ಬರ ಹೊಸೆತ ಬಂದರೆ ಬಿಗಿ ಬೇರೆಯಾಗಿ ಸೀರೆಯಲ್ಲಿ ಗೆರೆ ಬೀಳುತ್ತದೆ, ಆದ್ದರಿಂದ ಶುರು ಮಾಡಿದವರೇ ಮುಗಿಸಬೇಕು. ಜ್ವರ ಬಂದಾಗಲೂ, ಅವ್ವ ಸಾಯುವ ಹಿಂದಿನ ದಿನವೂ ಅಕ್ಕ ಮುಗಿಸಿಯೇ ಎದ್ದಿದ್ದಳು. ಶೇಖರನಿಗೂ ಇದು ಗೊತ್ತು. ಅವನ ಮುಖ ಕಪ್ಪಿಟ್ಟಿತು.

ಹೊರಗೆ ಬಂದು ಅಕ್ಕ ಸೈಕಲ್ಲಿನಿಂದ ಬಾಟಲಿ ತೆಗೆದು, ತಲೆಯೆತ್ತಿ ನೀರು ಕುಡಿದಳು. ನನಗೂ ಕೊಟ್ಟಳು. ಇಬ್ಬರೂ ಸೈಕಲ್ ತಳ್ಳಿಕೊಂಡು ಊರಿನ ದಾರಿ ಹಿಡಿದೆವು.

"ಇವ್ರು ಹಿಂಗೇ ಅಂತ ಗೊತ್ತಿದ್ದೂ ಯಾಕೆ ಬಂದಿ?" ಎಂದೆ.

"ಬಹಳ ವರ್ಷ ಆತಲ್ಲ, ನೋಡಾನ ಅಂತ ಬಂದೆ."

"ನೋಡಾಕೆ ಬಂದವ್ಳು ಬಾಟ್ಲಿ ಯಾಕೆ ತಂದಿ?"

"ಅವ್ರಿಗೆ ಬುದ್ಧಿ ಬರೋತನ್ಕ ಬಾಯಾರಿಕೆ ಕಾಯ್ತೈತಾ?"

ಸ್ವಲ್ಪ ದೂರ ಹೋದ ಮೇಲೆ ನಾನು ನಿಂತೆ. ಇನ್ನು ಹೇಳದಿದ್ದರೆ ಎಂದೂ ಹೇಳುವುದಿಲ್ಲ ಎನ್ನಿಸಿತು. "ಅಕ್ಕ, ಆವತ್ತು ಮ್ಯಾಚಿನ ದಿನ ನಾನು ಆ ಮನೆ ಹತ್ರ ಬಂದಿದ್ದೆ. ನೀನು ಬೊಗ್ಸೆ ಹಿಡಿದಿದ್ದು ನೋಡ್ದೆ" ಎಂದೆ. ದನಿ ನನ್ನದೇ ಎನ್ನಿಸಲಿಲ್ಲ, ಅಷ್ಟು ಸಣ್ಣಗಿತ್ತು.

ಅಕ್ಕ ಸೈಕಲ್ ನಿಲ್ಲಿಸಲಿಲ್ಲ. "ಗೊತ್ತು. ಬೇವಿನ ಮರದ ಹಿಂದೆ ನಿಂತಿದ್ದೆ. ನಿನ್ನ ಕೈಯಾಗಿನ ಬಾಟ್ಲಿ ಬಿಸ್ಲಿಗೆ ಹೊಳೀತಿತ್ತು" ಎಂದಳು.

ಇಷ್ಟು ವರ್ಷ ಗೊತ್ತಿತ್ತು. ಗೊತ್ತಿದ್ದೇ ನನಗೆ ಫೀಸು ಕಟ್ಟಿದಳು, ಮದುವೆ ಮಾಡಿದಳು, ಹಬ್ಬಕ್ಕೆ ಹೋಳಿಗೆ ಮಾಡಿಟ್ಟುಕೊಂಡು ಕಾದಳು. ನಾನು ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕೂತು ಅತ್ತೆ. ಈ ವಯಸ್ಸಿನಲ್ಲಿ, ಬಸ್ಸು ಲಾರಿ ಓಡಾಡುವ ರಸ್ತೆಯಲ್ಲಿ. ಅಕ್ಕ ಸೈಕಲ್ಲನ್ನು ಪಕ್ಕಕ್ಕೆ ನಿಲ್ಲಿಸಿ, ನಾನು ಮುಗಿಸುವವರೆಗೆ ಕಾದಳು. "ಆತಾ? ನಡಿ, ರೊಟ್ಟಿ ತಟ್ಟಬೇಕು" ಎಂದಳು.

ಅದಾದ ಮೇಲೆ ಶೇಖರ ಎರಡು ಸಲ ಆಟೋ ಕಳಿಸಿದ. ಎರಡು ಸಲವೂ ಅಕ್ಕ ಆಟೋದವನಿಗೆ ಟೀ ಕುಡಿಸಿ ವಾಪಸು ಕಳಿಸಿದಳು. ಹಿಂದಿನ ಭಾನುವಾರ ನಾನು ಊರಿಗೆ ಹೋಗಿದ್ದಾಗ ಶೇಖರನೇ ಬಂದ. ನಮ್ಮ ಕೇರಿಗೆ ಅವನ ಮನೆಯವರು ಯಾರಾದರೂ ಕಾಲಿಟ್ಟದ್ದು ಅದೇ ಮೊದಲಿರಬೇಕು. ಕಾರನ್ನು ಊರಿನ ಹತ್ತಿರವೇ ಬಿಟ್ಟು ಬಿಸಿಲಿನಲ್ಲಿ ನಡೆದು ಬಂದಿದ್ದ. ಕತ್ತಿನಿಂದ ಬೆವರು ಇಳಿಯುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಕಣ್ಣಲ್ಲೇ ನನ್ನನ್ನು ಗದರಿಸಿದಳು.

"ಮದುವೆ ಹತ್ರ ಬಂತು ಓಬಕ್ಕ. ಮಗ್ಗ ಹಂಗೇ ನಿಂತೈತೆ. ಏನೋ ಆಗಿದ್ದು ಆಗೋಯ್ತು, ಮನಸ್ಸಿನಾಗೆ ಇಟ್ಕಬ್ಯಾಡ" ಎಂದ.

"ಕೂತ್ಕಪ್ಪ" ಎಂದಳು ಅಕ್ಕ. ಒಳಗೆ ಹೋಗಿ ಗಡಿಗೆಯಿಂದ ನೀರು ತುಂಬಿ ತಂದಳು. ತಾನು ದಿನಾ ಕುಡಿಯುವ ಲೋಟ, ತಳದಲ್ಲಿ ಸ್ವಲ್ಪ ನೆಗ್ಗಿದ್ದು, ಹುಣಿಸೆಹಣ್ಣು ಹಾಕಿ ತಿಕ್ಕಿ ಫಳಫಳ ಹೊಳೆಯುವಂಥದ್ದು. "ಬಿಸ್ಲಾಗೆ ಬಂದೀಯ, ಕುಡಿ. ಕುಡಿದ್ರೆ ಈಗ್ಲೇ ನಿನ್ನ ಜೊತೆ ಬರ್ತೀನಿ" ಎಂದಳು.

ಶೇಖರ ಲೋಟ ಇಸಿದುಕೊಂಡ. ಹಿಡಿದುಕೊಂಡು ಕೂತ. ಲೋಟದ ಹೊರಮೈಯ ತೇವ ಅವನ ಬೆರಳಿಗೆ ಇಳಿಯಿತು. ನನ್ನನ್ನು ನೋಡಿದ, ಅಕ್ಕನನ್ನು ನೋಡಿದ, ಬಾಗಿಲಲ್ಲಿ ನಿಂತ ಕೇರಿಯ ಜನರನ್ನು ನೋಡಿದ. ಗಂಟಲು ಒಮ್ಮೆ ಮೇಲಕ್ಕೆ ಹೋಗಿ ಕೆಳಕ್ಕೆ ಬಂತು. ಕುಡಿಯುತ್ತಾನೆ ಎಂದೇ ನಾನು ತಿಳಿದೆ. ದೇವರಾಣೆ, ಕುಡಿಯಲಿ ಎಂದು ಬೇಡಿಕೊಂಡೆ.

"ಈಗಷ್ಟೇ ಕುಡ್ಕಂಡು ಬಂದೆ, ಓಬಕ್ಕ" ಎಂದು ಲೋಟವನ್ನು ಕೆಳಗಿಟ್ಟ.

"ಹಂಗಾದ್ರೆ ಬಾಯಾರಿಕೆ ಆದಾಗ ಬಾರಪ್ಪ" ಎಂದಳು ಅಕ್ಕ.

ನಾನು ಕೂಗಲಿಲ್ಲ. ಕೂಗುವುದಕ್ಕೆ ಏನೂ ಉಳಿದಿರಲಿಲ್ಲ. ಅಕ್ಕ ಬಾಗಿಲವರೆಗೂ ಹೋಗಿ ಅವನನ್ನು ಕಳಿಸಿಕೊಟ್ಟಳು. ಚಳ್ಳಕೆರೆಯಲ್ಲಿ ಕೂತು ನಾನು ಇದನ್ನು ಬರೆಯುವ ಹೊತ್ತಿಗೆ ಒಂದು ವಾರವಾಯಿತು. ದಿನಾ ಸಂಜೆ ಅಕ್ಕನಿಗೆ ಫೋನು ಮಾಡಿ ಕೇಳುತ್ತೇನೆ. ಮಗ್ಗ ಹಾಗೇ ನಿಂತಿದೆ. ಬಿಸಿಲು ಹೆಚ್ಚುತ್ತಲೇ ಇದೆ. ಶೇಖರನಿಗೆ ಇನ್ನೂ ಬಾಯಾರಿಕೆ ಆಗಿಲ್ಲ.